ನಾಯಿಗೆ ಹೇಳಿದ ಕಿವಿಮಾತು

ಶನಿವಾರ ಬಂತೆಂದರೆ ನನ್ನ ಮೂಗಿಗೆ ಒದ್ದೆ ನಾಯಿಯ ವಾಸನೆ ಹತ್ತುತ್ತದೆ. ಮನೆಯಲ್ಲಿ ನಾಯಿ ಇಲ್ಲ, ಅಕ್ಕಪಕ್ಕದಲ್ಲೂ ಇಲ್ಲ. ಮಕ್ಕಳು ನಗುತ್ತಾರೆ. ನಗಲಿ. ದಟ್ಟ ಕೂದಲಿನ ನಾಯಿಯೊಂದು ನೆನೆದು, ಒಣಗದೆ, ಮಾರನೆಯ ದಿನವೂ ಹಿತ್ತಲಲ್ಲಿ ಬಿದ್ದುಕೊಂಡಿದ್ದರೆ ಎಂಥ ವಾಸನೆ ಬರುತ್ತದೆಂದು ಅವರಿಗೇನು ಗೊತ್ತು? ಸೀಗೆಪುಡಿ, ಹಳೆಯ ಸೀರೆಯ ಚಿಂದಿ, ಹುಳಿ ಬಂದ ಹಿಟ್ಟು, ಮೂರೂ ಬೆರೆತಂಥ ವಾಸನೆ. ನಾನು ಹುಡುಗಿಯಾಗಿದ್ದ ಕಾಲದಲ್ಲಿ ಒಂದು ವರ್ಷ ಅದು ನಮ್ಮ ಮನೆಯ ವಾಸನೆಯೇ ಆಗಿತ್ತು. ಆ ವರ್ಷದಲ್ಲಿ ಒಳ್ಳೆಯದಾದದ್ದು ಏನೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ನಾಯಿಯನ್ನೂ ಅದರ ಮಾತನ್ನೂ ಬಲ್ಲವರು ನನ್ನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ.

ನಮ್ಮಪ್ಪ ಮೈಸೂರಿನ ನಜರಬಾದಿನ ಕಡೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಬಟ್ಲರಾಗಿದ್ದರು. ಬಿಳಿ ಕೋಟು, ತಲೆಗೆ ಪೇಟ, ಕೈಗೆ ಗವಸು. ಊಟದ ಮೇಜಿನ ಸುತ್ತ ಅಪ್ಪ ಓಡಾಡಿದರೆ ಹೆಜ್ಜೆ ಸಪ್ಪಳ ಕೇಳುತ್ತಿರಲಿಲ್ಲವಂತೆ. ಆ ಶಿಸ್ತೆಲ್ಲ ಬಂಗಲೆಗೇ ಸಂದಾಯ. ಚರ್ಚಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಹೆಂಚಿನ ಮನೆಯ ಹೊಸ್ತಿಲು ದಾಟಿದರೆ ಅಪ್ಪ ಬರೀ ತಮಾಷೆಯ ಮನುಷ್ಯ. ದೊರೆಸಾನಿ ಸೀನುವ ರೀತಿ, ಪಾದ್ರಿಗಳು ಪ್ರಸಂಗದ ನಡುವೆ ಕೆಮ್ಮುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ. ಚರ್ಚಿನ ಗಂಟೆ ಕೇಳಿದರೆ ಒಲೆಯ ಮುಂದೆ ಕೂತಲ್ಲೇ ಊದುಗೊಳವೆ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಳ್ಳುವವಳು ಅವ್ವ.

"ದೇವ್ರ ವಿಷ್ಯದಲ್ಲಿ ಮಾತ್ರ ಆಟ ಆಡ್ಬೇಡಿ ಕಣ್ರೀ," ಎಂದು ಗದರುತ್ತಿದ್ದಳು.

"ದೇವ್ರಿಗೂ ಒಸಿ ನಗು ಬೇಡ್ವೇನೇ?" ಎನ್ನುತ್ತಿದ್ದರು ಅಪ್ಪ.

ದೊರೆಯ ಕೆಲಸ ಮುಗಿದು ಗಂಡ ಹೆಂಡತಿ ಸೀಮೆಗೆ ಹೊರಟಾಗ ಅವರ ನಾಯಿ ನಮ್ಮ ಮನೆಗೆ ಬಂತು. ವಯಸ್ಸಾದ ನಾಯಿ, ಹಡಗಿನ ಪ್ರಯಾಣ ತಡೆಯುವುದಿಲ್ಲ, ನೀನೇ ಇಟ್ಟುಕೋ ಎಂದು ದೊರೆಸಾನಿ ಅತ್ತುಕೊಂಡು ಕೊಟ್ಟಳಂತೆ. ಅಪ್ಪ ಅದನ್ನು ಸರಪಳಿಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ಬಂದ ದಿನ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಅಂಥ ನಾಯಿಯನ್ನು ನಾವು ಕಂಡಿರಲಿಲ್ಲ. ಕಪ್ಪು ಬಿಳುಪು ಬಣ್ಣ, ಕಣ್ಣು ಮುಚ್ಚುವಷ್ಟು ಕೂದಲು. ಮೇಲೆ ಉದ್ದನೆಯ ಕೂದಲು, ಅದನ್ನು ಬಿಡಿಸಿ ನೋಡಿದರೆ ಒಳಗೆ ಹಿಂಜಿದ ಹತ್ತಿಯಂಥ ಇನ್ನೊಂದು ಪದರ. ಚಳಿಯ ದೇಶಕ್ಕೆಂದು ದೇವರು ಹೊದಿಸಿದ ಕಂಬಳಿಯನ್ನು ಅದು ಮೈಸೂರಿನ ಬಿಸಿಲಲ್ಲಿ ಹೊತ್ತು ತಿರುಗಬೇಕಾಗಿತ್ತು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಮ್ಮ ಯಾರ ನಾಲಿಗೆಗೂ ಅದು ಹತ್ತಲಿಲ್ಲ. ನಾಯಿ ಎಂದೇ ಕರೆದೆವು. ಅದಕ್ಕೂ ಅದು ಓಗೊಡುತ್ತಿತ್ತು.

ಬಂಗಲೆಯಲ್ಲಿ ಅದರ ಸ್ನಾನ ಅಪ್ಪನದೇ ಜವಾಬ್ದಾರಿಯಾಗಿತ್ತು. ಆ ಪದ್ಧತಿ ನಮ್ಮ ಹಿತ್ತಲಿಗೂ ಬಂತು. ಶನಿವಾರ ಮಧ್ಯಾಹ್ನ ಬೀದಿಯ ನಲ್ಲಿಯಿಂದ ನೀರು ಹೊತ್ತು ಹಂಡೆ ತುಂಬುವುದು ನನ್ನ ಕೆಲಸ. ಬೋಗಾದಿ ಕಡೆಯ ಗಾಡಿಯಿಂದ ಕೊಂಡ ಸೌದೆ ಒಲೆಯಲ್ಲಿ ಉರಿಯುತ್ತಿತ್ತು. ನೀರು ಉಗುರು ಬೆಚ್ಚಗಾದರೆ ಸಾಕು, ಅದಕ್ಕಿಂತ ಕಾಯಬಾರದು. ನಾಯಿಯನ್ನು ಒಗೆಯುವ ಕಲ್ಲಿನ ಪಕ್ಕ ನಿಲ್ಲಿಸಿ ಅಪ್ಪ ನೀರು ಹೊಯ್ಯಲು ಶುರುಮಾಡುತ್ತಿದ್ದರು. ಮೊದಲ ನಾಲ್ಕಾರು ಚೆಂಬು ಮೇಲುಮೇಲಕ್ಕೇ ಜಾರಿ ಹೋಗುತ್ತಿತ್ತು. ನೀರು ಹೊಯ್ಯುತ್ತ ಇನ್ನೊಂದು ಕೈಯ ಬೆರಳಿಂದ ಕೂದಲನ್ನು ಎದುರುಮುಖವಾಗಿ ಬಿಡಿಸಿದರೆ ಮಾತ್ರ ಒಳಗಿನ ಹತ್ತಿ ನೆನೆಯುವುದು. ಆಮೇಲೆ ಸೀಗೆಪುಡಿ. ಹಚ್ಚುವುದೇನೂ ದೊಡ್ಡದಲ್ಲ, ತೆಗೆಯುವುದೇ ಕಷ್ಟ. ಪುಡಿ ಚೂರು ಉಳಿದರೂ ಚರ್ಮ ಕಡಿತ ಬಂದು ಹುಣ್ಣಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಕೂದಲನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದರೆ ಕಿರ್ ಎನ್ನಬೇಕು. ಕಿರ್ ಎನ್ನುವ ತನಕ ನೀರು ಹೊಯ್ಯಬೇಕು. ನಾನು ಹೊರುತ್ತಲೇ ಇರಬೇಕು.

ಎಲ್ಲ ಆದ ಮೇಲೆ ಕೊನೆಗೆ ಮೂರು ಚೆಂಬು ತಲೆಯ ಮೇಲೆ. ಅದು ತಪ್ಪುತ್ತಿರಲಿಲ್ಲ. ಒಂದೊಂದು ಚೆಂಬನ್ನೂ ನಿಧಾನವಾಗಿ, ಭಾರಿ ಗಂಭೀರವಾಗಿ ಹೊಯ್ಯುತ್ತಿದ್ದರು. ನಾಯಿ ತಲೆ ತಗ್ಗಿಸಿ, ಕಾಲು ಅಗಲಿಸಿ, ಅಲುಗದೆ ನಿಲ್ಲುತ್ತಿತ್ತು. ಬೇರೆ ನಾಯಿಯಾಗಿದ್ದರೆ ಅಷ್ಟರಲ್ಲಿ ಹತ್ತು ಸಲ ಮೈ ಕೊಡವಿ ಎಲ್ಲರನ್ನೂ ನೆನೆಸಿರುತ್ತಿತ್ತು. ಇದು ಕೊಡವುತ್ತಿರಲಿಲ್ಲ. ದೊರೆಸಾನಿಯ ಬಟ್ಟೆಗೆ ಒಂದು ದಿನ ನೀರು ಹಾರಿ ದೊಡ್ಡ ರಂಪವಾದ ಮೇಲೆ, ಹೇಳುವ ತನಕ ಮೈ ಕೊಡವಬಾರದೆಂದು ಅಪ್ಪ ಅದಕ್ಕೆ ಕಲಿಸಿದ್ದರು. ನಾವೆಲ್ಲ ದೂರ ಸರಿದು ಗೋಡೆಗೆ ಒರಗಿ ನಿಂತ ಮೇಲೆ ಅಪ್ಪ ಬಗ್ಗಿ, ಅದರ ಕಿವಿಯ ಮೇಲಿನ ಕೂದಲನ್ನು ಸರಿಸಿ, ಒಳಗೆ ಏನೋ ಪಿಸುಗುಟ್ಟುತ್ತಿದ್ದರು. ತಕ್ಷಣ ಪರಂಗಿ ಮರದ ಹಿಂದೆ ಓಡುತ್ತಿದ್ದರು. ಆಗ ನೋಡಬೇಕು. ಮೂಗಿನ ತುದಿಯಿಂದ ಶುರುವಾಗಿ ಬಾಲದ ತುದಿಯವರೆಗೆ ಆ ನಾಯಿ ಮೈ ಕೊಡವಿದರೆ ನೀರು ಸೂರಿನ ಹೆಂಚಿಗೆ ಬಡಿಯುತ್ತಿತ್ತು. ಅರ್ಧ ನೀರು ಆ ಒಂದೇ ಕೊಡವಿಗೆ ಹೋಗುತ್ತಿತ್ತು. ಮಿಕ್ಕದ್ದನ್ನು ಬಿಸಿಲು ನೋಡಿಕೊಳ್ಳುತ್ತಿತ್ತು.

"ಏನ್ರೀ ಅದು, ಅದ್ರ ಕಿವೀಲಿ ಊದೋದು?" ಎಂದು ಅವ್ವ ಕೇಳಿದಳು.

"ನಿಂಗೆ ಹೇಳೋ ಮಾತಲ್ಲ ಬುಡು. ಹೇಳಿದ್ರೆ ನೀನು ಸೀದಾ ಪಾದ್ರಿಗಳ ಹತ್ರ ಓಡೋಗ್ತೀಯ, ನಂಗೆ ಪ್ರಾಯಶ್ಚಿತ್ತ ಬೀಳ್ತದೆ," ಎಂದರು ಅಪ್ಪ, ಒದ್ದೆ ಮುಖ ಒರೆಸಿಕೊಳ್ಳುತ್ತ.

ಅವ್ವನ ಮುಖ ಕೆಂಪಾಯಿತು. ಪಾದ್ರಿಗಳ ಹತ್ತಿರ ಹೋಗುವಂಥ ಮಾತೆಂದರೆ ಕೆಟ್ಟ ಮಾತೇ ಇರಬೇಕು. ದೊರೆಗಳು ಕುಡಿದಾಗ ಆಡುವ ಇಂಗ್ಲಿಷ್ ಬೈಗುಳ ಎಂದು ಅವಳು ತೀರ್ಮಾನಿಸಿಬಿಟ್ಟಳು. ನಾನೂ ಹಾಗೆಯೇ ತಿಳಿದೆ. ಸೀಮೆಯ ನಾಯಿಗೆ ಇಂಗ್ಲಿಷ್ ಬಿಟ್ಟು ಬೇರೆ ಯಾವ ಮಾತು ತಾನೇ ಅರ್ಥವಾದೀತು? ಮತ್ತೆ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಸಂಜೆಯ ಜಪಮಾಲೆಗೆ ಮೊದಲು ನಾಯಿಯನ್ನು ಹಿತ್ತಲ ಕೊನೆಯ ಸೌದೆ ಕೊಟ್ಟಿಗೆಯಲ್ಲಿ ಕಟ್ಟಿ ಬರಬೇಕೆಂಬುದು ಅಪ್ಪನ ಕಟ್ಟಪ್ಪಣೆ. "ಪ್ರಾರ್ಥನೆ ಹೊತ್ನಲ್ಲಿ ನಾಯಿ ಮನೆ ಹತ್ರ ಸುಳೀಬಾರ್ದು," ಎನ್ನುತ್ತಿದ್ದರು. ತಮಾಷೆಯ ಗಂಡನಿಗೆ ಅಷ್ಟಾದರೂ ಭಕ್ತಿ ಬಂತಲ್ಲ ಎಂದು ಅವ್ವನಿಗೆ ಒಳಗೊಳಗೇ ಸಮಾಧಾನವಾಗಿತ್ತು.

ಒಂದು ಬೆಳಿಗ್ಗೆ ಅಪ್ಪ ಬಚ್ಚಲಿಗೆ ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಅವ್ವ ಹೋಗಿ ನೋಡಿದರೆ ಹಂಡೆಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಲಕ್ವ ಹೊಡೆದಿತ್ತು. ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ, ಎರಡು ಬೀದಿ ಆಚೆ ಇದ್ದರು. ಅವರು ಓಡಿ ಬಂದು ಜಟಕಾ ತಂದು ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಮಾತು ಹೋಯಿತು. ಮನೆಗೆ ತಂದು ಮಲಗಿಸಿದಾಗ ಅಪ್ಪ ನಮ್ಮನ್ನೆಲ್ಲ ಗುರುತು ಹಿಡಿದು ನೋಡುತ್ತಿದ್ದರು. ಬಾಯಿಂದ ಬರೀ ಗಾಳಿ ಬರುತ್ತಿತ್ತು.

ಮನೆಗೆ ಬಂದು ನೋಡಿದ ಡಾಕ್ಟರು ಅವ್ವನಿಗೆ ಹೇಳಿದರು: "ಮಾತು ಪೂರ್ತಿ ಹೋಗಿದೆ ಅಂತ ಹೇಳಕ್ಕಾಗಲ್ಲಮ್ಮ. ಒಳಗೆ ಸಿಕ್ಕಿಕೊಂಡಿರಬಹುದು. ಅವರಿಗೆ ಅಭ್ಯಾಸವಾದ ಕೆಲಸ ಯಾವುದಾದರೂ ಕಣ್ಣೆದುರಿಗೆ ಮಾಡ್ತಾ ಇರಿ. ಬಾಯಿಗೆ ರೂಢಿಯಾದ ಮಾತು ತಾನಾಗೇ ಬಂದುಬಿಡಬಹುದು. ಒಂದು ಮಾತು ಬಂದರೆ ಮಿಕ್ಕದ್ದು ಹಿಂದೆ ಬರುತ್ತೆ."

ಅವ್ವ ಯೋಚನೆ ಮಾಡಿದಳು. ಅಪ್ಪನಿಗೆ ಅಭ್ಯಾಸವಾದ ಕೆಲಸ ಮೇಜಿಗೆ ಬಡಿಸುವುದು. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ. ಉಳಿದದ್ದು ಒಂದೇ, ನಾಯಿಯ ಸ್ನಾನ. ಅದಕ್ಕೆ ಒಂದು ಮಾತೂ ಇತ್ತು, ಅಪ್ಪ ಎಂದೂ ತಪ್ಪದೆ ಹೇಳಿದ ಮಾತು. ಕೆಟ್ಟ ಮಾತಾದರೆ ಆಗಲಿ, ಆ ಒಂದು ಮಾತು ಗಂಡನ ಬಾಯಿಂದ ಬಂದರೆ ಸಾಕು ಎಂದು ಅವ್ವ ನಿರ್ಧಾರ ಮಾಡಿದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರ ಜೀವ ಆ ಒಂದು ಮಾತಿನ ಮೇಲೆ ನಿಂತಿತು.

ಶನಿವಾರ ಚಿಕ್ಕಪ್ಪ ಬಂದು ಅಪ್ಪನನ್ನು ಎತ್ತಿ ಹಿತ್ತಲಿನ ಬೆತ್ತದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವ್ವ ಸೆರಗು ಸಿಕ್ಕಿಸಿಕೊಂಡು ನಾಯಿಗೆ ನೀರು ಹೊಯ್ಯುತ್ತಿದ್ದಳು. ಹುಟ್ಟಿದಾರಭ್ಯ ನಾಯಿ ಮುಟ್ಟದ ಹೆಂಗಸು. ಅಪ್ಪ ಮಾಡಿದಂತೆಯೇ ಮಾಡಿದಳು, ಕೂದಲು ಬಿಡಿಸಿ, ಪುಡಿ ಹಚ್ಚಿ, ಕಿರ್ ಎನ್ನುವ ತನಕ ತೊಳೆದು, ಕೊನೆಗೆ ಮೂರು ಚೆಂಬು ತಲೆಯ ಮೇಲೆ. ಆಮೇಲೆ ಎಲ್ಲರೂ ಗೋಡೆಗೆ ಒರಗಿ ನಿಂತು ಅಪ್ಪನ ಕಡೆ ನೋಡಿದೆವು. ನಾಯಿಯೂ ಅಪ್ಪನ ಕಡೆಯೇ ನೋಡಿತು. ಅದರ ಹೊಟ್ಟೆಯ ಕೂದಲಿಂದ ನೀರು ಧಾರೆಯಾಗಿ ಸುರಿದು, ಆಮೇಲೆ ತೊಟ್ಟಿಕ್ಕಿ, ಆಮೇಲೆ ಅದೂ ನಿಂತಿತು. ಅಪ್ಪ ನಾಯಿಯನ್ನು ನೋಡುತ್ತ ಕೂತಿದ್ದರು. ಮಾತು ಬರಲಿಲ್ಲ. ನಾಯಿ ಮೈ ಕೊಡವಲಿಲ್ಲ. ಚಳಿಗೆ ನಡುಗುತ್ತ ನಿಂತೇ ಇತ್ತು. ಕೊನೆಗೆ ಅವ್ವ ಹಳೆಯ ಸೀರೆ ತಂದು ಒರೆಸಿದಳು. ಅಂಥ ಕೂದಲನ್ನು ಒರೆಸಿ ಒಣಗಿಸುವುದುಂಟೆ? ಮೇಲೆ ಒಣಗಿದರೂ ಒಳಗಿನ ಹತ್ತಿ ನೆಂದೇ ಇತ್ತು.

ಎರಡು ಮೂರು ಶನಿವಾರ ಹೀಗೇ ಆದ ಮೇಲೆ ಚಿಕ್ಕಪ್ಪ ಬೇರೊಂದು ದಾರಿ ಹಿಡಿದರು. "ಅತ್ತಿಗೆ, ಮೊದ್ಲು ನಾವೇ ಆ ಮಾತು ಪತ್ತೆ ಮಾಡಿ ಅಣ್ಣನ ಮುಂದೆ ಹೇಳೋಣ. ಕೇಳಿದ್ರೆ ಅವನಿಗೂ ನೆನಪಾಯ್ತದೆ." ಬ್ಯಾಂಡಿನ ಇಂಗ್ಲಿಷ್ ಮೇಷ್ಟರ ಕೈಕೆಳಗೆ ಪಳಗಿದ್ದ ಚಿಕ್ಕಪ್ಪನಿಗೆ ಆ ಭಾಷೆಯ ಬೈಗುಳವೆಲ್ಲ ಕಂಠಪಾಠವಾಗಿತ್ತು. ಮೊದಲು ಮರ್ಯಾದೆಯ ಮಾತುಗಳು. ಗೋ ಎಂದರು, ಕಮ್ ಎಂದರು, ಆಲ್ ರೈಟ್ ಎಂದರು. ನಾಯಿ ಅಲುಗಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ನೀವು ಒಸಿ ಒಳಗೋಗಿ," ಎಂದರು. ಅವ್ವ ನನ್ನನ್ನೂ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಶಿಲುಬೆಯ ಗುರುತು ಹಾಕಿಕೊಂಡಳು. ನಾನು ಕಿಂಡಿಯಲ್ಲಿ ನೋಡುತ್ತಿದ್ದೆ. ಚಿಕ್ಕಪ್ಪ ಒದ್ದೆ ನಾಯಿಯ ಮುಂದೆ ಕೈಕಟ್ಟಿ ನಿಂತು ರಾಗವಾಗಿ ಬೈಯುತ್ತಿದ್ದರು. ಬ್ಲಡಿ, ರ್‍ಯಾಸ್ಕಲ್, ಈಡಿಯಟ್. ಕುರ್ಚಿಯಲ್ಲಿದ್ದ ಅಪ್ಪನ ಭುಜ ಕುಲುಕಿತು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೊಂದೇ ಸಲ. ಡ್ಯಾಮ್ ಎಂದಾಗ ನಾಯಿ ಥಟ್ಟನೆ ಕಿವಿ ನಿಮಿರಿಸಿತು.

"ಹತ್ರ ಬಂದ್ಬುಟ್ಟೆ ಕಣಮ್ಮ!" ಎಂದು ಚಿಕ್ಕಪ್ಪ ನನ್ನನ್ನು ಕೂಗಿದರು. ಸಂಜೆಯ ತನಕ ಡ್ಯಾಮನ್ನು ಎಳೆದರು, ಮೊಟಕು ಮಾಡಿದರು, ಅದರ ಹಿಂದೆ ಮುಂದೆ ಏನೇನೋ ಸೇರಿಸಿದರು. ನಾಯಿಯ ಕಿವಿ ಏಳುತ್ತಿತ್ತು, ಬೀಳುತ್ತಿತ್ತು. ಮೈ ಕೊಡವಲಿಲ್ಲ.

ಅದರ ಮುಂದಿನ ಶನಿವಾರವೋ ಇನ್ನೊಂದೋ, ಅವ್ವ ಮೂರನೆಯ ಚೆಂಬು ಹೊಯ್ದು ಹಿಂದಕ್ಕೆ ಸರಿದಾಗ ಅಪ್ಪನ ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ಎಡಗೈ ಕುರ್ಚಿಯ ಕೈಯನ್ನು ಹಿಡಿದುಕೊಂಡಿತು.

"ಆ... ಆಮ್," ಎಂದರು.

ಅವ್ವನ ಕೈಯಿಂದ ಚೆಂಬು ಬಿತ್ತು. "ಏನಂದ್ರಿ? ಏನಂದ್ರಿ?"

"ಆಮ್."

ಎಳೆಮಗುವಿಗೆ ಉಣ್ಣಿಸುವಾಗ ಅನ್ನುವ ಮಾತು ಅದು. ಆಮ್ ಮಾಡು ಎಂದರೆ ಬಾಯಿ ತೆಗೆ, ತಿನ್ನು ಎಂದು. ಅವ್ವನ ಕಣ್ಣಲ್ಲಿ ನೀರು ತುಂಬಿತು. "ಹಸಿವು ಅಂತಾರೆ ಕಣೇ! ನಿಮ್ಮಪ್ಪ ಹಸಿವು ಅಂತಾರೆ!" ಎಂದು ಒಳಗೆ ಓಡಿ ಬೆಳಗಿನ ಗಂಜಿಯನ್ನು ಬೆಚ್ಚಗೆ ಮಾಡಿ ತಂದಳು. ಅಪ್ಪ ಮತ್ತೆ ಬಾಯಿ ತೆರೆದು ಆಮ್ ಎಂದಾಗ ಸರಿಯಾಗಿ ಒಂದು ಚಮಚ ಗಂಜಿ ಒಳಗಿಟ್ಟಳು. ಅಪ್ಪ ಕೆಮ್ಮಿದರು, ತಲೆ ಕೊಡವಿದರು. ಅವ್ವ ಒರೆಸಿ ಇನ್ನೊಂದು ಚಮಚ ಇಟ್ಟಳು. ನಾಯಿ ಕಿವಿ ನಿಮಿರಿಸಿಕೊಂಡು, ಕಾಲು ಬಿಗಿಹಿಡಿದು, ಅಪ್ಪನ ಬಾಯಿಯನ್ನೇ ನೋಡುತ್ತ ನಿಂತಿತ್ತು. ಅದಕ್ಕೆ ಗಂಜಿಯ ಆಸೆ ಎಂದುಕೊಂಡು ನಾನು ಗದರಿದೆ.

ಆ ಸಂಜೆ ಬೀದಿಗೆಲ್ಲ ಸುದ್ದಿ. ಮಾತು ಬಂತಂತೆ, ಊಟ ಕೇಳಿದರಂತೆ. ನೋಡಲು ಬಂದವರೆಲ್ಲ ಅಪ್ಪನ ಮುಖದ ಹತ್ತಿರ ಬಗ್ಗಿ, "ಏನ್ರೀ, ಆಮ್ ಬೇಕಾ?" ಎಂದು ಕೇಳುತ್ತಿದ್ದರು. ಗವಸು ತೊಟ್ಟು ದೊರೆಗಳಿಗೆ ಬಡಿಸಿದ ಮನುಷ್ಯನನ್ನು ತೊಟ್ಟಿಲ ಕೂಸಿನ ಹಾಗೆ ಮಾತನಾಡಿಸುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವ್ವನಿಗೆ ಅದೆಲ್ಲ ಕಾಣುತ್ತಲೇ ಇರಲಿಲ್ಲ. ಡಾಕ್ಟರು ಹೇಳಿದಂತೆ ಒಂದು ಮಾತು ಬಂತಲ್ಲ, ಇನ್ನು ಮಿಕ್ಕದ್ದು ಬರುತ್ತದೆ ಎಂದು ಅವಳು ಹೊಸ ಹುರುಪಿನಲ್ಲಿದ್ದಳು. ಶನಿವಾರ ನಾಯಿಯ ಸ್ನಾನಕ್ಕೆ ಮೊದಲೇ ಗಂಜಿ ಮಾಡಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು. ಮೂರನೆಯ ಚೆಂಬು ಹೊಯ್ಯುವುದು, ಅಪ್ಪ ಆಮ್ ಎನ್ನುವುದು, ಅವ್ವ ಚಮಚ ಹಿಡಿದು ಓಡುವುದು.

ಒಂದು ಸಲ ಅಪ್ಪ ಎಡಗೈಯಿಂದ ಬಟ್ಟಲನ್ನು ತಳ್ಳಿದರು. ಗಂಜಿ ಅವರ ಎದೆಯ ಮೇಲೆಲ್ಲ ಚೆಲ್ಲಿತು. ಅಪ್ಪ ಅತ್ತರು. ಸದ್ದಿಲ್ಲದ ಅಳು, ಒಂದು ಕಣ್ಣಿಂದ ಮಾತ್ರ ನೀರು. "ಕೇಳ್ತಾರೆ, ಕೊಟ್ರೆ ಬೇಡ ಅಂತಾರೆ. ಮಗು ಆಗೋಗ್ಬುಟ್ರು," ಎಂದು ಅವ್ವ ಎದೆ ಒರೆಸುತ್ತ ತಾನೂ ಅತ್ತಳು. ನಾನು ನಾಯಿಯನ್ನು ಒರೆಸುತ್ತಿದ್ದೆ. ಮೂವರಲ್ಲಿ ಯಾರನ್ನು ಸಮಾಧಾನ ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಅದಾದ ಮೇಲೆ ಅಪ್ಪ ಶನಿವಾರ ಬಾಯಿ ತೆರೆಯುವುದನ್ನು ಬಿಟ್ಟರು. ನೀರಿನ ಸದ್ದು ಕೇಳಿದರೆ ತುಟಿ ಬಿಗಿಮಾಡಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ಅವ್ವ ಬೇಡಿಕೊಂಡಳು. "ಒಂದೇ ಒಂದ್ಸಲ ಅನ್ರೀ. ಗಂಜಿ ಬೇಡ್ವೇ ಬೇಡ, ಸುಮ್ನೆ ಅನ್ನಿ." ಅನ್ನಲಿಲ್ಲ. ಬೇರೆ ದಿನಗಳಲ್ಲಿ ಹಸಿವಾದರೂ ಆ ಸದ್ದು ಮಾಡಲಿಲ್ಲ. ಡಾಕ್ಟರು ಮತ್ತೆ ಬಂದು ನೋಡಿ, ಅವ್ವನ ಮುಖ ತಪ್ಪಿಸಿ ಹೋದರು. ಚಿಕ್ಕಪ್ಪ ಶನಿವಾರ ಬರುವುದು ಕಡಿಮೆಯಾಯಿತು. ಅಪ್ಪನನ್ನು ಹಿತ್ತಲಿಗೆ ಎತ್ತಿ ತರುವವರು ಇಲ್ಲದೆ ಅವರು ಒಳಗೇ ಮಲಗಿದರು.

ನಾಯಿಯ ಸ್ನಾನವೂ ಹಾಗೇ ಆಯಿತು. ಯಾವಾಗಲೋ ನೆನಪಾದರೆ ನಾನು ನಾಲ್ಕು ಚೆಂಬು ಹೊಯ್ಯುವುದು, ಅದು ಮೈ ಕೊಡವದೆ ನಿಲ್ಲುವುದು, ಒಣಗದೆ ಮಲಗುವುದು. ಕತ್ತಿನ ಕೆಳಗೆ, ತೊಡೆಯ ಸಂದಿಯಲ್ಲಿ ಕೂದಲು ಗಂಟುಗಟ್ಟಿ ಒಳಗೆ ಹುಣ್ಣಾಯಿತು. ಬಿಸಿಲಲ್ಲಿ ಕಟ್ಟಿದರೆ ಏದುಸಿರು, ನೆರಳಲ್ಲಿ ಕಟ್ಟಿದರೆ ವಾಸನೆ. "ಒದರೋ, ಮುಂಡೇದೇ! ಒಂದ್ಸಲ ಒದರ್ಬಾರ್ದಾ?" ಎಂದು ನಾನು ಅದರ ಮುಂದೆ ನಿಂತು ನನ್ನ ಮೈಯನ್ನೇ ಕೊಡವಿ ತೋರಿಸಿದ್ದೂ ಉಂಟು. ಅದು ನನ್ನ ಮುಖ ನೋಡಿ, ಆಮೇಲೆ ಅಪ್ಪ ಮಲಗಿದ್ದ ಕೋಣೆಯ ಕಿಟಕಿ ನೋಡುತ್ತಿತ್ತು. ಹೇಳಿದ ಮಾತನ್ನು ಅಷ್ಟು ಕೇಳುವ ನಾಯಿ ನನಗೆ ಆಮೇಲೆ ಎಲ್ಲೂ ಸಿಕ್ಕಲಿಲ್ಲ. ಅಂಥ ವಿಧೇಯತೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಬೆಳಗಿನ ಜಾವ ನಿದ್ದೆಯಲ್ಲಿ ಹೋದರು. ಹೋಗುವಾಗ ಏನಾದರೂ ಅಂದರೋ ಏನೋ, ಪಕ್ಕದಲ್ಲಿ ಮಲಗಿದ್ದ ಅವ್ವನಿಗೂ ಕೇಳಲಿಲ್ಲ. ಮೈ ತೊಳೆದು, ಬಂಗಲೆಯ ಬಿಳಿ ಕೋಟನ್ನೇ ತೊಡಿಸಿದರು. ಬಾಯಿ ತೆರೆದುಕೊಳ್ಳದಿರಲೆಂದು ಗಲ್ಲದ ಕೆಳಗಿನಿಂದ ನೆತ್ತಿಗೆ ಒಂದು ಬಿಳಿ ಬಟ್ಟೆ ಕಟ್ಟಿದರು. ಪಡಸಾಲೆಯ ಮಂಚದ ಮೇಲೆ ಮಲಗಿಸಿ ತಲೆಯ ಹತ್ತಿರ ಎರಡು ಮೇಣದ ಬತ್ತಿ ಹಚ್ಚಿದರು.

ಕೊಟ್ಟಿಗೆಯಲ್ಲಿ ನಾಯಿ ಊಳಿಡುತ್ತಿತ್ತು. ಬಂದ ಜನಕ್ಕೆ ಅದು ಸಹಿಸಲಿಲ್ಲ. "ಬಿಚ್ಚಿ ಬುಡಮ್ಮ, ಅದಕ್ಕೂ ಒಡೆಯ ಅಲ್ವಾ," ಎಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ನಾನು ಹೋಗಿ ಬಿಚ್ಚಿದೆ. ಅದು ಸೀದಾ ಪಡಸಾಲೆಗೆ ಬಂದು ಮಂಚದ ಪಕ್ಕ, ಅಪ್ಪನ ಕೈಯ ಕೆಳಗೆ ನೆಲದ ಮೇಲೆ ಮಲಗಿತು. ಓಡಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಪಾದ್ರಿಗಳು ಬಂದರು. ಲ್ಯಾಟಿನ್ನಿನಲ್ಲಿ ಏನೋ ಓದಿದರು, ಪವಿತ್ರ ಜಲ ತೆಗೆದುಕೊಂಡು ಹೆಣದ ಮೇಲೆ ಚಿಮುಕಿಸಿದರು. ಒಂದಷ್ಟು ಹನಿ ನಾಯಿಯ ತಲೆಯ ಮೇಲೆ ಬಿತ್ತು. ನಾಯಿ ಎದ್ದು ನಿಂತಿತು. ತಲೆ ತಗ್ಗಿಸಿ, ಕಾಲು ಅಗಲಿಸಿ, ಒಗೆಯುವ ಕಲ್ಲಿನ ಪಕ್ಕ ನಿಲ್ಲುವಂತೆಯೇ ನಿಂತಿತು. ಅದರ ಅರ್ಥ ಆ ಜನರಲ್ಲಿ ನನಗೆ, ಅವ್ವನಿಗೆ, ಚಿಕ್ಕಪ್ಪನಿಗೆ ಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ.

ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಪಡಸಾಲೆ ತುಂಬ ನಿಂತಿದ್ದವರು ಒಟ್ಟಿಗೆ, "ಆಮೆನ್," ಎಂದರು.

ನಾಯಿ ಮೈ ಕೊಡವಿತು. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ. ಒಣ ಕೂದಲು, ಕೊಟ್ಟಿಗೆಯ ಧೂಳು ಎದ್ದು ಮೇಣದ ಬತ್ತಿಯ ಬೆಳಕಲ್ಲಿ ಹಾರಾಡಿತು. ಒಂದು ಬತ್ತಿ ಆರಿತು. ಯಾರೋ ಛೀ ಎಂದರು, ಯಾರೋ ಅಪಶಕುನ ಎಂದರು. ಪಾದ್ರಿಗಳು ಮುಂದಿನ ಪ್ರಾರ್ಥನೆ ಹೇಳಿದರು. ಕೊನೆಯಲ್ಲಿ ಮತ್ತೆ ಆಮೆನ್. ನಾಯಿ ಮತ್ತೆ ಮೈ ಕೊಡವಿತು. ಕೊಡವಿ, ತಲೆಯೆತ್ತಿ, ಸರಿಯಾಗಿ ಮಾಡಿದೆನೆ ಎಂದು ಕೇಳುವಂತೆ ಮಂಚದ ಕಡೆ ನೋಡಿತು.

ಚಿಕ್ಕಪ್ಪನ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. ನನಗೂ ಎಲ್ಲ ಒಮ್ಮೆಗೇ ಹೊಳೆಯಿತು. ತಲೆಯ ಮೇಲೆ ಗಂಭೀರವಾಗಿ ಮೂರು ಚೆಂಬು. ಕೂಸನ್ನು ಕ್ರೈಸ್ತರನ್ನಾಗಿ ಮಾಡುವಾಗ ಪಾದ್ರಿಗಳು ತಲೆಗೆ ಮೂರು ಸಲ ನೀರು ಹೊಯ್ಯುತ್ತಾರಲ್ಲ, ಆ ಜ್ಞಾನಸ್ನಾನವನ್ನು ನಮ್ಮಪ್ಪ ಪ್ರತಿ ಶನಿವಾರ ದೊರೆಯ ನಾಯಿಗೆ ಕೊಡುತ್ತಿದ್ದರು. ಪಾದ್ರಿಗಳ ಹಾಗೆ ನಟಿಸುತ್ತ, ಅವ್ವನಿಗೆ ತಿಳಿಯಬಾರದೆಂದು ಕಿವಿಯಲ್ಲಿ ಆಮೆನ್ ಎಂದು ಪಿಸುಗುಟ್ಟುತ್ತ. ಜಪಮಾಲೆಯ ಹೊತ್ತಿಗೆ ನಾಯಿಯನ್ನು ದೂರ ಕಟ್ಟಿಸುತ್ತಿದ್ದದ್ದು ಭಕ್ತಿಯಿಂದಲ್ಲ, ಗುಟ್ಟು ರಟ್ಟಾದೀತೆಂಬ ಭಯದಿಂದ. ನಾವು ಸಂಜೆ ಸಂಜೆಯೂ ಪಡಸಾಲೆಯಲ್ಲಿ ಆ ಮಾತನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೆವು. ಕತ್ತಲ ಕೊಟ್ಟಿಗೆಯಲ್ಲಿ ನಾಯಿ ಒಂದೊಂದು ಆಮೆನ್ನಿಗೂ ಎದ್ದು ಮೈ ಕೊಡವುತ್ತಿತ್ತೋ ಏನೋ, ನೋಡಿದವರು ಯಾರು?

ಅವ್ವ ನಾಯಿಯನ್ನು ನೋಡುತ್ತಿರಲಿಲ್ಲ. ಬಟ್ಟೆ ಕಟ್ಟಿದ ಅಪ್ಪನ ಬಾಯಿಯನ್ನು ನೋಡುತ್ತಿದ್ದಳು.

"ಆಮ್ ಅಂದಿದ್ದು ಗಂಜಿಗಲ್ಲ ಕಣೇ," ಎಂದಳು ನನಗೆ. ಬಹಳ ಮೆತ್ತಗೆ ಹೇಳಿದಳು. "ಅವ್ರು ಆ ಮಾತೇ ಹೇಳ್ತಿದ್ರು. ನಾನು ಬಾಯಿಗೆ ಗಂಜಿ ತುರುಕ್ದೆ."

ಪಕ್ಕದಲ್ಲಿದ್ದ ಹೆಂಗಸರು, ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಎಂದು ಅವ್ವನ ಬೆನ್ನು ಸವರಿದರು. ದೇವರ ಚಿತ್ತ ಎಂದರು. ದೇವರ ಚಿತ್ತವಂತೆ. ಎಲ್ಲರನ್ನೂ ಆಚೆಗೆ ತಳ್ಳಿ ಬಾಗಿಲು ಹಾಕಿಬಿಡಬೇಕೆನಿಸಿತು ನನಗೆ. ಅಷ್ಟರಲ್ಲಿ ನಾಲ್ವರು ಮುಂದೆ ಬಂದು ಅಪ್ಪನನ್ನು ಎತ್ತಿದರು.

ಅದಾದ ಮೊದಲ ಶನಿವಾರ ಅವ್ವ ತಾನಾಗಿಯೇ ಹಂಡೆಗೆ ಉರಿ ಹಾಕಿದಳು. ನನ್ನನ್ನು ಕರೆಯದೆ ತಾನೇ ನಲ್ಲಿಯಿಂದ ನೀರು ಹೊತ್ತಳು. ನಾಯಿಯ ಗಂಟುಗಂಟು ಕೂದಲನ್ನು ಕತ್ತರಿಸಿ, ಹುಣ್ಣಿನ ಸುತ್ತ ಮೆಲ್ಲಗೆ ತೊಳೆದು, ಸೀಗೆಪುಡಿ ಹಚ್ಚಿ, ಕೂದಲು ಕಿರ್ ಎನ್ನುವ ತನಕ ನೀರು ಹೊಯ್ದಳು. ಕೊನೆಗೆ ಮೂರು ಚೆಂಬು ತಲೆಯ ಮೇಲೆ. ನಾಯಿ ತಲೆ ತಗ್ಗಿಸಿ ನಿಂತಿತು. ನಾನು ಗೋಡೆಗೆ ಒರಗಿಕೊಂಡೆ. ಈಗ ಮಾತು ಗೊತ್ತಿತ್ತು, ದಿನಕ್ಕೆ ಎಷ್ಟೋ ಸಲ ಆಡುವ ಮಾತು. ಅವ್ವ ಬಗ್ಗಿ, ಅದರ ಕಿವಿಯ ಮೇಲಿನ ಕೂದಲನ್ನು ಸರಿಸಿದಳು.

"ಆ..." ಎಂದಳು. ಕತ್ತಿನ ನರ ಉಬ್ಬಿತು. "ಆ..."

ಅಪ್ಪನ ಬಾಯಲ್ಲಿ ತಾನು ಗಂಜಿ ತುರುಕಿ ತಡೆದ ಮಾತು ಅವಳ ಬಾಯಿಂದಲೂ ಮುಂದೆ ಬರಲಿಲ್ಲ, ಅವಳ ಬದಲು ಆಡಲು ನನಗೂ ಮನಸ್ಸಾಗಲಿಲ್ಲ. ಅವ್ವ ಎದ್ದು, ಹಗ್ಗದ ಮೇಲಿದ್ದ ಹಳೆಯ ಸೀರೆ ತೆಗೆದುಕೊಂಡು ನಾಯಿಯನ್ನು ಒರೆಸತೊಡಗಿದಳು. ಆ ನಾಯಿ ಬದುಕಿದ್ದಷ್ಟು ದಿನವೂ ಹಾಗೆ ಒರೆಸಿದಳು, ಅದು ಯಾವತ್ತೂ ಪೂರ್ತಿ ಒಣಗಲಿಲ್ಲ.